ಕತ್ತಿಯಿಂದ ಗಡ್ಡ ಮಾಡುವಾಗ ನೊರೆ ಒಣಗಿದರೆ

ಪ್ರಶ್ನೆ: ಅಣ್ಣಾರ, ಮಸೆಯೂ ಕ್ಷೌರದ ಕತ್ತಿಲೇ ಗಡ್ಡಾ ಮಾಡ್ಕೋತೀನ್ರಿ. ಬಲಗಡಿ ಕೆನ್ನಿ ಮುಗಸೂದ್ರಾಗ ಎಡಗಡಿ ನೊರಿ ಒಣಗಿರತೈತಿ. ಗದ್ದಕ್ಕ ಬರೂ ಹೊತ್ತಿಗೆ ಬರೇ ಉರಿ. ಕ್ರೀಮ್ ಜಾಸ್ತಿ ಹಾಕಿದ್ರೂ ಅಷ್ಟ. ಪುಣೆ ಹತ್ರ ಚಿಂಚವಾಡದಾಗ ನಮ್ಮ ಸೊಸೈಟಿಗೆ ಬೋರಿನ ಟ್ಯಾಂಕರ್ ನೀರ ಬರೂದು. ಏನ್ ಮಾಡಬೇಕ್ರಿ?

ಉತ್ತರ: ಕ್ರೀಮ್ ಸಾಕಷ್ಟಿದೆ, ಕಡಿಮೆ ಬಿದ್ದಿರುವುದು ನೀರು. ಕತ್ತಿಯ ಕೆಲಸಕ್ಕೆ ಹದಿನೈದು-ಇಪ್ಪತ್ತು ನಿಮಿಷ ಬೇಕು, ಅಷ್ಟು ಹೊತ್ತು ತಾಳುವ ನೀರನ್ನು ನೊರೆ ಕಟ್ಟುವಾಗಲೇ ಸೇರಿಸಬೇಕು.

ಮೊದಲು ಬ್ರಷ್ ನೋಡಿ. ಹಂದಿಕೂದಲಿನದಾದರೆ ಐದರಿಂದ ಹತ್ತು ನಿಮಿಷ ನೆನೆಸಿ. ಒಣಕೂದಲು ನೊರೆಯಲ್ಲಿರುವ ನೀರನ್ನೇ ಹೀರುತ್ತದೆ. ಸಿಂಥೆಟಿಕ್ ಆದರೆ ಅದ್ದಿ ಕೊಡವಿದರೆ ಸಾಕು.

ಬಟ್ಟಲಿಗೆ ಬಾದಾಮಿಯಷ್ಟು ಕ್ರೀಮ್ ಹಾಕಿ, ಅರ್ಧ ಚಮಚ ನೀರು ಬಿಟ್ಟು ಇಪ್ಪತ್ತು ಸುತ್ತು ತಿರುಗಿಸಿ. ಮತ್ತೆ ಅರ್ಧ ಚಮಚ, ಮತ್ತೆ ಇಪ್ಪತ್ತು ಸುತ್ತು. ಸಾಮಾನ್ಯವಾಗಿ ನಾಲ್ಕೈದು ಸಲ ಬೇಕಾಗುತ್ತದೆ. ಬಹಳ ಜನ ಎರಡನೇ ಸಲಕ್ಕೇ ನಿಲ್ಲಿಸುತ್ತಾರೆ, ಏಕೆಂದರೆ ಆಗ ನೊರೆ ಹತ್ತಿಯಂತೆ ಉಬ್ಬಿ ನೋಡಲು ಚೆನ್ನಾಗಿರುತ್ತದೆ. ಅದರಲ್ಲಿ ಇರುವುದು ಬರೀ ಗಾಳಿ. ಸರಿಯಾದ ನೊರೆ ಕಡೆದ ಗಟ್ಟಿ ಮೊಸರಿನಂತೆ ಹೊಳೆಯುತ್ತದೆ, ಬ್ರಷ್ ಎತ್ತಿದರೆ ತುದಿ ಬಾಗುತ್ತದೆ. ದೊಡ್ಡ ಗುಳ್ಳೆ ಎದ್ದು ಕೆನ್ನೆಯಿಂದ ಇಳಿದರೆ ನೀರು ಹೆಚ್ಚಾಯಿತು, ಚೂರು ಕ್ರೀಮ್ ಸೇರಿಸಿ.

ಮುಖಕ್ಕೆಲ್ಲ ಒಮ್ಮೆಲೇ ಹಚ್ಚಬೇಡಿ. ಒಂದು ಕೆನ್ನೆ ಹಚ್ಚಿ, ಮುಗಿಸಿ, ಆಮೇಲೆ ಇನ್ನೊಂದು. ಗದ್ದ, ಮೇಲ್ತುಟಿ ಕೊನೆಗೆ. ಅಲ್ಲಿನ ಕೂದಲು ಬಿರುಸು, ಹೆಚ್ಚು ಹೊತ್ತು ನೆನೆಯಲಿ ಎಂದು ಬಿಸಿನೀರಿನ ಟವೆಲ್ ಒತ್ತಿಟ್ಟುಕೊಳ್ಳಿ. ಫ್ಯಾನ್ ಆರಿಸಿ. ಪುಣೆಯ ಏಪ್ರಿಲ್ ಒಣಗಾಳಿಯಲ್ಲಿ ಇದು ತೀರಾ ಮುಖ್ಯ.

ಪ್ರಶ್ನೆ: ಬೋರಿನ ನೀರಿಂದೂ ತ್ರಾಸ ಐತೇನ್ರಿ?

ಉತ್ತರ: ಹೌದ್ರಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಜಿಡ್ಡಾಗುತ್ತವೆ. ಅಷ್ಟು ಸೋಪು ನೊರೆಗೆ ಸಿಗುವುದಿಲ್ಲ. ಕುಡಿಯುವ ಆರ್‌ಒ ಫಿಲ್ಟರ್ ನೀರು ಒಂದು ಕಪ್ ಬೆಚ್ಚಗೆ ಮಾಡಿ, ಬ್ರಷ್ ನೆನೆಸಲು, ನೊರೆ ಕಟ್ಟಲು ಅದನ್ನೇ ಬಳಸಿ. ಕುದಿಯುವಷ್ಟು ಬಿಸಿ ಬೇಡ, ಬ್ರಷ್ಷೂ ಕೆಡುತ್ತದೆ.

ಪ್ರಶ್ನೆ: ನಡುವ ಒಣಗಿದ್ರ?

ಉತ್ತರ: ಬ್ರಷ್‌ನ ತುದಿ ಮಾತ್ರ ಬೆಚ್ಚನೆ ನೀರಿಗೆ ತಾಗಿಸಿ, ಅದೇ ಜಾಗದಲ್ಲಿ ನಾಲ್ಕು ಸುತ್ತು ಆಡಿಸಿ. ಹೊಳಪು ಮರಳುತ್ತದೆ. ಒಮ್ಮೆ ಕತ್ತಿ ಎಳೆದ ಜಾಗದಲ್ಲಿ ಉಳಿದ ತೆಳು ಪದರದ ಮೇಲೆ ಇನ್ನೊಮ್ಮೆ ಎಳೆಯಲೇಬೇಡಿ. ನಿಮ್ಮ ಗದ್ದದ ಉರಿ ಹೆಚ್ಚಾಗಿ ಅಲ್ಲಿಂದಲೇ ಬಂದಿರುತ್ತದೆ.

ಇನ್ನೊಬ್ಬರ ಪ್ರಶ್ನೆ: ಗ್ಲಿಸರಿನ್ ಹಾಕಬಹುದಾ ಸರ್? ಬಟ್ಟಲಿಗೆ ಪಟಿಕ ಅದ್ದುವುದನ್ನೂ ನೋಡಿದ್ದೇನೆ.

ಉತ್ತರ: ಗ್ಲಿಸರಿನ್ ನೀರನ್ನು ಹಿಡಿದಿಡುತ್ತದೆ, ಎರಡು-ಮೂರು ಹನಿ ಹಾಕಿ. ಮೀರಿದರೆ ನೊರೆ ಕುಸಿಯುತ್ತದೆ, ಚರ್ಮ ಎಳೆದು ಹಿಡಿಯುವ ಬೆರಳು ಜಾರುತ್ತದೆ. ಕೈಯಲ್ಲಿ ಕತ್ತಿ ಇರುವಾಗ ಅದು ಅಪಾಯ. ಪಟಿಕವನ್ನು ಬಟ್ಟಲಿಗೆ ಅದ್ದಲೇಬಾರದು, ಅದರ ಅಲ್ಯೂಮಿನಿಯಂ ಸೋಪನ್ನು ಒಡೆದು ನೊರೆ ಸಾಯಿಸುತ್ತದೆ. ಪಟಿಕವನ್ನು ಪುಣೆಯ ಅಂಗಡಿಯಲ್ಲಿ ಮರಾಠಿಯ ತುರಟಿ ಅನ್ನುವ ಹೆಸರಿನಿಂದ ಕೇಳಿ ತನ್ನಿ, ಒದ್ದೆ ಮಾಡಿ ಎಡಗೈ ಬೆರಳ ತುದಿಗೆ ಉಜ್ಜಿಕೊಳ್ಳಿ. ಹಿಡಿತ ಸಿಗುತ್ತದೆ.