ಓದುಗರ ಸ್ಪಂದನ: ಗಂಟೆಗೆ 75 ಡಾಲರ್ ಸಾಕಾ?

ಕಳೆದ ಸಂಚಿಕೆಯ ಪತ್ರ, ಚಿಕ್ಕದಾಗಿ: "ನಾನು ಹಾಸನದ ಕಡೆಯವಳು. ಟೆಕ್ಸಾಸ್‌ನಲ್ಲಿ ನರ್ಸ್ ಪ್ರಾಕ್ಟೀಷನರ್, ಅಂದರೆ ರೋಗಿಗಳನ್ನು ನೋಡಿ ಔಷಧಿಯನ್ನೂ ಬರೆಯುವ ನರ್ಸ್. ಈಗಿನ ಕ್ಲಿನಿಕ್‌ನಲ್ಲಿ ಗಂಟೆಗೆ 62 ಡಾಲರ್. ರಜೆ, ಆರೋಗ್ಯ ವಿಮೆ ಎಲ್ಲಾ ಇದೆ. ಇನ್ನೊಂದು ಕ್ಲಿನಿಕ್‌ನವರು 75 ಕೊಡುತ್ತೇವೆ, ಆದರೆ ನೌಕರಿಯಲ್ಲ, ಕಾಂಟ್ರ್ಯಾಕ್ಟ್, ಅಂದರೆ ಸ್ವಂತವಾಗಿ ದುಡಿಯುವವರಿಗೆ ಕೊಡುವ 1099 ತೆರಿಗೆ ನಮೂನೆಯ ಲೆಕ್ಕ ಅನ್ನುತ್ತಿದ್ದಾರೆ. ಮನೆಯವರು ಸುಮ್ನೆ ಒಪ್ಪಿಕೋ ಅನ್ನುತ್ತಾರೆ. ಜಾಸ್ತಿ ಕೇಳಿದರೆ ಕೆಲಸವೇ ತಪ್ಪಿಹೋದೀತು ಅಂತ ನನಗೆ ಭಯ. ಏನು ಮಾಡಲಿ?"

*

ತಂಗೀ, 75 ಅಂದ ಕೂಡಲೇ 13 ಡಾಲರ್ ಲಾಭ ಅನ್ನಿಸುತ್ತದೆ. ಆರು ವರ್ಷದ ಹಿಂದೆ ನನಗೂ ಹಾಗೇ ಅನ್ನಿಸಿತ್ತು. ಒಪ್ಪಿಕೊಂಡು ಒಂದು ವರ್ಷ ದುಡಿದ ಮೇಲೆ ಕೂತು ಲೆಕ್ಕ ಹಾಕಿದೆ. ನೀವು ಮೊದಲೇ ಹಾಕಿ.

ವಾರಕ್ಕೆ 40 ಗಂಟೆಯಂತೆ ಈಗ ನಿಮಗೆ ವರ್ಷಕ್ಕೆ 2,080 ಗಂಟೆಯ ಸಂಬಳ ಬರುತ್ತದೆ. 62ರಂತೆ 1,28,960 ಡಾಲರ್. ಅದರಲ್ಲಿ ರಜೆ, ಹಬ್ಬ, ಜ್ವರ ಬಂದು ಮಲಗಿದ ದಿನ ಎಲ್ಲಾ ಸೇರಿವೆ. ಕಾಂಟ್ರ್ಯಾಕ್ಟ್‌ನಲ್ಲಿ ಮಲಗಿದ ದಿನಕ್ಕೆ ದುಡ್ಡಿಲ್ಲ. ವರ್ಷಕ್ಕೆ ಆರು ವಾರ ಹೀಗೆ ಹೋದರೂ ಉಳಿಯುವುದು 1,840 ಗಂಟೆ. 75ರಂತೆ 1,38,000. ಲಾಭ ಆಗಲೇ ಒಂಬತ್ತು ಸಾವಿರಕ್ಕೆ ಇಳಿಯಿತು, ಅಲ್ವಾ?

ಮುಂದೆ ತೆರಿಗೆ. ನೌಕರಿಯಲ್ಲಿ ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ), ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ತೆರಿಗೆಯ ಅರ್ಧ, ಅಂದರೆ ಶೇ 7.65, ಕ್ಲಿನಿಕ್ ಕಟ್ಟುತ್ತದೆ. ಇಲ್ಲಿ ಪೂರ್ತಿ ಶೇ 15.3 ನಿಮ್ಮದೇ. ಹೆಚ್ಚುವರಿ ಹೊರೆ ಸುಮಾರು ಒಂಬತ್ತೂವರೆ ಸಾವಿರ. ನಮ್ಮ ಮನೆಯ ಆರೋಗ್ಯ ವಿಮೆಗೆ ನಾನು ತಿಂಗಳಿಗೆ 1,100 ಕಟ್ಟಿದೆ. ಚಿಕಿತ್ಸೆಯಲ್ಲಿ ತಪ್ಪಾಯಿತೆಂದು ದೂರು ಬಂದರೆ ಕಾಯುವ ವೃತ್ತಿ ವಿಮೆಗೆ ವರ್ಷಕ್ಕೆ 1,500. ಎಲ್ಲಾ ಕಳೆದರೆ ಕೈಗೆ ಉಳಿಯುವುದು 1,14,000ದ ಆಸುಪಾಸು. ಈಗಿನ ಸಂಬಳಕ್ಕಿಂತ 15 ಸಾವಿರ ಕಡಿಮೆ! ಇದು ಒರಟು ಲೆಕ್ಕ. ಈ ತೆರಿಗೆಯ ಅರ್ಧವನ್ನು ಆದಾಯದಲ್ಲಿ ಕಳೆದು ತೋರಿಸಬಹುದು, ಕೆಲಸದ ಖರ್ಚನ್ನೂ ತೋರಿಸಬಹುದು. ಆದರೂ ನಿವೃತ್ತಿ ಖಾತೆಗೆ ಕ್ಲಿನಿಕ್ ಹಾಕುತ್ತಿದ್ದ ಪಾಲು ಸೇರಿಸಿ ನೋಡಿದರೆ, ಈಗಿನ 62ಕ್ಕೆ ಸಮ ಆಗಬೇಕಾದರೆ ಕಾಂಟ್ರ್ಯಾಕ್ಟ್‌ನಲ್ಲಿ 88, 90 ಬೇಕು. ಅದು ಲಾಭವಲ್ಲ, ಬರೀ ಸಮ. 100 ಕೇಳಿ. 90ಕ್ಕಿಂತ ಕೆಳಗೆ ಇಳಿಯಬೇಡಿ.

ನಿಮ್ಮ ಗಂಡನ ಕಂಪನಿಯ ಆರೋಗ್ಯ ವಿಮೆಗೆ ನೀವು ಸೇರಿಕೊಳ್ಳುವಂತಿದ್ದರೆ ಒಂದು ದೊಡ್ಡ ಖರ್ಚು ತಪ್ಪುತ್ತದೆ. ಆದರೆ ಅದನ್ನು ಕ್ಲಿನಿಕ್‌ನವರ ಮುಂದೆ ಹೇಳಬೇಡಿ. ನಾನು ಹೇಳಿದ್ದೆ. "ಹಾಗಾದರೆ ನಿಮಗೆ ಅಷ್ಟು ಬೇಕಿಲ್ಲವಲ್ಲ" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ನನ್ನ ಕೆಲಸದ ಬೆಲೆಗೂ ನನ್ನ ಗಂಡನ ವಿಮೆಗೂ ಏನು ಸಂಬಂಧ?

ಇನ್ನೊಂದು ಮಾತು. ರೋಗಿ ಬರದೇ ಹೋದರೆ ಆ ಹೊತ್ತಿಗೆ ದುಡ್ಡು ಉಂಟೋ ಇಲ್ಲವೋ ಕೇಳಿ. "ದಿನಕ್ಕೆ ಎಂಟು ಗಂಟೆಯ ಹಣ ಖಾತ್ರಿ" ಅಂತ ಬರೆಸಿಕೊಳ್ಳಿ. ನನ್ನ ಒಪ್ಪಂದದಲ್ಲಿ ಅದಿರಲಿಲ್ಲ. ಮಳೆ ಬಂದ ದಿನ ಕಾರು ಓಡಿಸಿಕೊಂಡು ಹೋಗಿ, ಮೂರು ರೋಗಿಗಳನ್ನು ನೋಡಿ, ಮಧ್ಯಾಹ್ನವೇ ವಾಪಸ್ ಬಂದದ್ದುಂಟು.
– ಒಬ್ಬ ನರ್ಸ್ ಪ್ರಾಕ್ಟೀಷನರ್, ಡಲ್ಲಾಸ್

*

ನಾನು ಮೆಡಿಕಲ್ ಬಿಲ್ಲಿಂಗ್ ಮಾಡುವವನು. ನೀವು ತರುವ ಹಣ ಎಷ್ಟು ಅಂತ ಕ್ಲಿನಿಕ್‌ಗೆ ಚೆನ್ನಾಗಿ ಗೊತ್ತಿದೆ. ನಿಮಗೂ ಗೊತ್ತಿರಲಿ.

ಡಾಕ್ಟರ ಬಿಲ್ಲಿಗೆ ಮೆಡಿಕೇರ್ 100 ಡಾಲರ್ ಕೊಡುವ ಕಡೆ, ಅದೇ ಕೆಲಸಕ್ಕೆ ನಿಮ್ಮ ಹೆಸರಿನ ಬಿಲ್ಲಿಗೆ 85 ಕೊಡುತ್ತದೆ. ಡಾಕ್ಟರು ಮೊದಲೇ ನೋಡಿ ಚಿಕಿತ್ಸೆ ಗೊತ್ತುಮಾಡಿದ ರೋಗಿಯನ್ನು, ಅವರ ಉಸ್ತುವಾರಿಯಲ್ಲಿ ನೀವು ಮತ್ತೆ ನೋಡಿದರೆ, ಅವರ ಹೆಸರಿನಲ್ಲಿ ಪೂರ್ತಿ 100 ಬರುವ ದಾರಿಯೂ ಇದೆ. ಹೊಸ ರೋಗಿಗೆ, ಹೊಸ ಕಾಯಿಲೆಗೆ ಅದು ನಡೆಯುವುದಿಲ್ಲ. ನಿಮ್ಮ ಕೆಲಸ ಯಾರ ಹೆಸರಿನಲ್ಲಿ ಬಿಲ್ ಆಗುತ್ತದೆ, ದಿನಕ್ಕೆ ಎಷ್ಟು ರೋಗಿಗಳು, ಈ ಎರಡನ್ನು ಕೇಳಿ. ದಿನಕ್ಕೆ 16 ರೋಗಿಗಳು ಅಂದರೆ ಗಂಟೆಗೆ ಇಬ್ಬರು. ಆ ಇಬ್ಬರಿಂದ ಬರುವ ಹಣದ ಪಕ್ಕದಲ್ಲಿ 75 ಇಟ್ಟು ನೋಡಿ. ಬಾಡಿಗೆ, ಸಿಬ್ಬಂದಿ ಖರ್ಚು ಅವರಿಗೂ ಇದೆ, ಒಪ್ಪುತ್ತೇನೆ. ಆದರೂ 100 ಕೇಳುವುದು ದುರಾಸೆಯಲ್ಲ.

"ವಸೂಲಾದ ಹಣದಲ್ಲಿ ಇಷ್ಟು ಪಾಲು ಕೊಡುತ್ತೇವೆ" ಅಂದರೆ ಹುಷಾರು. ವಿಮಾ ಕಂಪನಿಗಳಲ್ಲಿ ನಿಮ್ಮ ಹೆಸರು ನೋಂದಣಿಯಾಗುವುದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಏನು ತಿನ್ನುವುದು?
– ಓದುಗ, ನ್ಯೂಜೆರ್ಸಿ

*

ಉಳಿದವರು ದುಡ್ಡಿನ ಮಾತು ಹೇಳುತ್ತಾರೆ. ನಾನು ಕಾಗದದ ಮಾತು ಹೇಳುತ್ತೇನೆ.

ಟೆಕ್ಸಾಸ್‌ನಲ್ಲಿ ನೀವು ಔಷಧಿ ಬರೆಯಬೇಕಾದರೆ ಡಾಕ್ಟರೊಬ್ಬರ ಜೊತೆ ಲಿಖಿತ ಒಪ್ಪಂದ ಇರಲೇಬೇಕು. ಆ ಡಾಕ್ಟರ ಶುಲ್ಕ ಯಾರು ಕೊಡುತ್ತಾರೆ? ಕ್ಲಿನಿಕ್ ಕೊಡಲಿ. ವೃತ್ತಿ ವಿಮೆ ಯಾವ ಬಗೆಯದು ಅಂತಲೂ ನೋಡಿ. ಒಂದು ಬಗೆಯಲ್ಲಿ, ವಿಮೆ ಇದ್ದಾಗ ನಡೆದ ಘಟನೆಗೆ ದೂರು ಯಾವಾಗ ಬಂದರೂ ರಕ್ಷಣೆ ಇರುತ್ತದೆ. ಇನ್ನೊಂದರಲ್ಲಿ ದೂರು ಬರುವಾಗಲೂ ವಿಮೆ ಚಾಲ್ತಿಯಲ್ಲಿರಬೇಕು. ಈ ಎರಡನೇ ಬಗೆಯದಾದರೆ, ಕೆಲಸ ಬಿಟ್ಟು ಹೋಗುವಾಗ 'ಟೇಲ್' ಅನ್ನುವ ವಿಮೆಯನ್ನು ಬೇರೆಯಾಗಿ ಕೊಳ್ಳಬೇಕು. ನಾನು ಕೆಲಸ ಮಾಡಿದ ಒಂದು ಕಡೆ 30 ದಿನದ ನೋಟಿಸ್ ಕೊಟ್ಟು ಕಳಿಸಿದರು. ಟೇಲ್ ವಿಮೆಯ ಹಣ ನನ್ನ ಉಳಿತಾಯದಿಂದ ಹೋಯಿತು. ರಾತ್ರಿ ನಿದ್ದೆ ಬರಬೇಕಲ್ಲ, ಕಟ್ಟಿದೆ.

ಕೆಲಸದ ವೇಳೆ ಅವರೇ ಹಾಕಿ, ಹೇಗೆ ಮಾಡಬೇಕೆಂದೂ ಅವರೇ ಹೇಳಿ, ಬೇರೆ ಕಡೆ ದುಡಿಯಬೇಡ ಅನ್ನುವುದಾದರೆ ಅದು ಕಾಂಟ್ರ್ಯಾಕ್ಟ್ ಅಲ್ಲ, ನೌಕರಿಯೇ. ತೆರಿಗೆ ಇಲಾಖೆಗೆ ಎಸ್ಎಸ್-8 ಅರ್ಜಿ ಹಾಕಿ ಈ ತೀರ್ಮಾನ ಕೇಳಬಹುದು. ಅದಕ್ಕೂ ಮೊದಲು ಅವರನ್ನೇ ಕೇಳಿ: ನೌಕರಿಯಾಗಿಯೇ 70 ಕೊಡುತ್ತೀರಾ? ನನ್ನ ಕೇಳಿದರೆ ಅದು 75ಕ್ಕಿಂತ ಎಷ್ಟೋ ಮೇಲು.
– ಓದುಗಿ, ಹ್ಯೂಸ್ಟನ್

*

ಇದನ್ನು ಓದುತ್ತಿರುವ ಉಳಿದ ನರ್ಸ್‌ಗಳಿಗೆ ಒಂದು ಮಾತು. ಎಚ್-1ಬಿ ವೀಸಾದಲ್ಲಿ ಇರುವವರು 1099 ಕೆಲಸಕ್ಕೆ ಕೈ ಹಾಕಬೇಡಿ. ನಿಮ್ಮ ವೀಸಾಗೆ ಅರ್ಜಿ ಹಾಕಿದ ಸಂಸ್ಥೆಯಲ್ಲಿ ಮಾತ್ರ ದುಡಿಯಬಹುದು. ಗ್ರೀನ್ ಕಾರ್ಡ್ ಇದ್ದವರಿಗೆ, ಕೆಲಸದ ಪರವಾನಗಿ ಪಡೆದ ಎಚ್-4ನವರಿಗೆ (ಎಚ್-1ಬಿಯವರ ಗಂಡ ಅಥವಾ ಹೆಂಡತಿಗೆ) ಈ ತೊಡಕಿಲ್ಲ.
– ಓದುಗ, ಸಿಯಾಟಲ್

*

ಮಗಳೇ, ನಾನು ಮಂಗಳೂರಿನಲ್ಲಿ ಮೂವತ್ತು ವರ್ಷ ನರ್ಸಿಂಗ್ ಪಾಠ ಮಾಡಿದವಳು. ಇಂಜೆಕ್ಷನ್ ಕೊಡುವುದು, ಹಾಸಿಗೆಯಲ್ಲಿರುವ ರೋಗಿಯನ್ನು ನೋವಾಗದಂತೆ ಮಗ್ಗುಲು ಬದಲಿಸುವುದು, ಎಲ್ಲಾ ಕಲಿಸಿದೆವು. ಸಂಬಳ ಕೇಳುವುದನ್ನು ಕಲಿಸಲಿಲ್ಲ. ಸೇವೆ ಸೇವೆ ಅಂತ ಹೇಳಿ ಹೇಳಿ, ಕೇಳುವುದೇ ತಪ್ಪು ಅನ್ನುವ ಹಾಗೆ ಮಾಡಿಬಿಟ್ಟೆವು. ನಿನ್ನ ಭಯ ಓದಿ ನನಗೆ ಸಂಕಟವಾಯಿತು.

ಕೂತು ಲೆಕ್ಕ ಹಾಕು, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗು. "ನನ್ನ ದರ 100" ಅಂತ ಹೇಳು. ಹೇಳಿ ಸುಮ್ಮನಿರು. "ಕಷ್ಟವಾದರೆ ಪರವಾಗಿಲ್ಲ" ಅಂತ ನೀನೇ ಸೇರಿಸಬೇಡ. ನಮ್ಮ ಹುಡುಗಿಯರು ಎಡವುವುದು ಅಲ್ಲೇ. ಈಗಿನ ಕೆಲಸ ಕೈಯಲ್ಲಿದೆಯಲ್ಲ, ಅವರು ಆಗಲ್ಲ ಅಂದರೆ ಸೋಮವಾರ ಎದ್ದು ಅಲ್ಲಿಗೇ ಹೋಗುತ್ತೀಯ. ಏನು ಹೇಳಿದರು ಅಂತ ಈ ಪುಟಕ್ಕೇ ಬರಿ, ಕಾಯುತ್ತಿರುತ್ತೇನೆ.
– ನಿವೃತ್ತ ನರ್ಸಿಂಗ್ ಶಿಕ್ಷಕಿ, ಮಂಗಳೂರು