ಅಪ್‌ಡೇಟ್: ಶೀಟ್ ಹಾಕೋ ತಂಡ ಸಿಕ್ಕಿತು

ತೀರ್ಥಹಳ್ಳಿ ಕಡೆ ಮಳೆಗಾಲಕ್ಕೆ ಮುಂಚೆ ಮುಗಿಸಬೇಕಾದ, ಛಾವಣಿಗೆ ಶೀಟ್ ಹಾಕೋ ಕೆಲಸ ಜಾಸ್ತಿ ಇದೆ, ನಂಬಿಕಸ್ತ ಸಬ್ ಕಾಂಟ್ರಾಕ್ಟರ್ ಸಿಗೋದು ಎಲ್ಲಿ ಅಂತ ಕೇಳಿದ್ದೆ. ಶೀಟ್ ಅಂಗಡಿಯಲ್ಲಿ ವಿಚಾರಿಸಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಅಲ್ಲೇ ಮೂವರ ತಂಡ ಸಿಕ್ಕಿತು.

ಮೊದಲು ಒಂದು ಕೊಟ್ಟಿಗೆ ಮಾತ್ರ ಕೊಟ್ಟೆ. ನಾನೂ ಏಣಿ ಹತ್ತಿ ನೋಡಿದೆ. ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ಎಲ್ಲ ಹದವಾಗಿ ಕೂತಿತ್ತು. ಸ್ಕ್ರೂ ಅತಿಯಾಗಿ ಬಿಗಿದರೆ ರಬ್ಬರ್ ಹಿಸುಕಿಕೊಂಡು ಆಮೇಲೆ ಸೋರುತ್ತೆ ಅಲ್ವಾ. ಸಂಜೆ ಇಳಿಯುವ ಮುಂಚೆ ಡ್ರಿಲ್ ಮಾಡಿದ ಕಬ್ಬಿಣದ ಚೂರನ್ನೆಲ್ಲ ಗುಡಿಸಿದರು. ಬಿಟ್ಟರೆ ಅಲ್ಲೇ ತುಕ್ಕಿನ ಕಲೆ. ನಾನು ಹೇಳಿರಲಿಲ್ಲ, ಅದಕ್ಕೇ ತುಂಬಾ ಖುಷಿಯಾಯ್ತು.

ಹೋದ ವರ್ಷದವರು ಪೂರ್ತಿ ದುಡ್ಡು ತಗೊಂಡು ಅರ್ಧಕ್ಕೇ ಬಿಟ್ಟಿದ್ದರು. ಈ ಸಲ ಚದರಡಿ ಲೆಕ್ಕ, ಕಾಲು ಭಾಗ ಅಡ್ವಾನ್ಸ್, ಉಳಿದದ್ದು ಅಳತೆ ಆದಮೇಲೆ. ಸೇಫ್ಟಿ ಬೆಲ್ಟ್, ಹಗ್ಗ ನಂದೇ. ಸೋಮವಾರದಿಂದ ದೊಡ್ಡ ಮನೆಯ ಕೆಲಸವೂ ಅವರಿಗೇ.