ವಿಎಂಸಿಗೆ ಬೇಗ ಕಲಿಯಬಹುದಾದ ಕ್ಯಾಮ್ ಸಾಫ್ಟ್‌ವೇರ್ ಯಾವುದು?

ಪೀಣ್ಯ_ಮಿಲ್ಲಿಂಗ್

ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದಲ್ಲಿ ಒಂದು ಸಣ್ಣ ಜಾಬ್ ಶಾಪ್‌ನಲ್ಲಿ ಇದ್ದೇನೆ. ಐಟಿಐ ಮುಗಿಸಿ ಆರು ವರ್ಷದಿಂದ ವಿಎಂಸಿ, ಅಂದರೆ ಪ್ರೋಗ್ರಾಂ ಹಾಕಿ ಲೋಹ ಕಡಿಯುವ ಮಿಲ್ಲಿಂಗ್ ಮಷಿನ್, ಓಡಿಸುತ್ತಿದ್ದೇನೆ. ಮೂರು ಆಕ್ಸಿಸ್, ಫ್ಯಾನುಕ್ 0ಐ-ಎಂಡಿ ಕಂಟ್ರೋಲ್. ಇಷ್ಟು ದಿನ ಪ್ರೋಗ್ರಾಂ ಎಲ್ಲ ಕೈಯಲ್ಲೇ ಬರೆದೆ. ಫೇಸಿಂಗ್, ಡ್ರಿಲ್ಲಿಂಗ್, ಪಿಸಿಡಿ ಹೋಲ್ (ಒಂದು ವೃತ್ತದ ಮೇಲೆ ಬರುವ ತೂತುಗಳು), ಚೌಕ ಪಾಕೆಟ್, ಇದಕ್ಕೆಲ್ಲ ಪ್ರೋಗ್ರಾಂ ತಾನೇ ಬರೆದುಕೊಡುವ ಕ್ಯಾಮ್ ಬೇಕು ಅಂತ ಅನಿಸಿರಲಿಲ್ಲ. ಈಗ ಪಾರ್ಟಿಗಳು ಡ್ರಾಯಿಂಗ್ ಬದಲು ಸ್ಟೆಪ್ ಫೈಲ್ (3ಡಿ ಮಾಡೆಲ್) ಕಳಿಸುತ್ತಾರೆ. ಹೋದ ವಾರ ಒಂದು ಅಲ್ಯೂಮಿನಿಯಂ ಕವರ್ ಬಂತು, ಒಳಗಿನ ಪಾಕೆಟ್‌ನಲ್ಲಿ ಹನ್ನೊಂದು ರೇಡಿಯಸ್, ಒಂದಕ್ಕೊಂದು ಸೇರುವ ಪಾಯಿಂಟ್‌ಗಳನ್ನು ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕುವಷ್ಟರಲ್ಲಿ ಒಂದು ಶಿಫ್ಟ್ ಪೂರ್ತಿ ಹೋಯಿತು, ಮಷಿನ್ ಸುಮ್ನೆ ನಿಂತಿತ್ತು.

ಓನರ್ "ನೀನೇ ಒಂದು ನೋಡಿ ಕಲಿತುಕೋ" ಅಂದಿದ್ದಾರೆ. ನನ್ನ ಲ್ಯಾಪ್‌ಟಾಪ್ 8 ಜಿಬಿ ರ್‍ಯಾಮ್. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತದೆ, ವಿಡಿಯೋಗಳಲ್ಲಿ ಅವರು ಮಾತಾಡುವ ಸ್ಪೀಡ್‌ಗೆ ಮಾತ್ರ ಹಿಂದೆ ಬೀಳುತ್ತೇನೆ. ಕ್ರ್ಯಾಕ್ ಮಾಡಿದ್ದು ಬೇಡ. ಯಾವುದರಿಂದ ಶುರು ಮಾಡಲಿ?

ಚಿಪ್_ಲೋಡ್

ಹನ್ನೊಂದು ರೇಡಿಯಸ್ ಕೈಯಲ್ಲಿ ಬರೆದವರಿಗೆ ಕ್ಯಾಮ್ ಕಷ್ಟವೇ ಅಲ್ಲ, ಧೈರ್ಯವಾಗಿ ಶುರು ಮಾಡಿ. ನನ್ನ ಓಟು ಫ್ಯೂಷನ್‌ಗೆ. ಮೊದಲು ಫ್ಯೂಷನ್ 360 ಅಂತಿತ್ತಲ್ಲ, ಅದೇ. ಸ್ಟೆಪ್ ಫೈಲ್ ತೆಗೆದು, ಸ್ಟಾಕ್ ಸೈಜ್ ಕೊಟ್ಟು, ಜೀರೋ ಎಲ್ಲಿ ಅಂತ ತೋರಿಸಿದರೆ ಅರ್ಧ ಕೆಲಸ ಮುಗಿಯಿತು. ರಫಿಂಗ್‌ಗೆ ಅಡಾಪ್ಟಿವ್ ಅಂತ ಇದೆ. ಟೂಲ್ ಮೂಲೆಯಲ್ಲಿ ಒಮ್ಮೆಲೇ ಜಾಸ್ತಿ ಮೆಟೀರಿಯಲ್ ಹಿಡಿಯದ ಹಾಗೆ ಸುತ್ತುತ್ತಾ ಹೋಗುತ್ತದೆ, ಮೂಲೆಗೆ ಬಂದಾಗ ಕಿರ್ ಅಂತ ಕೂಗುವುದು ಎಷ್ಟೋ ಕಡಿಮೆ ಆಗುತ್ತದೆ.

ಆದರೆ ಫ್ರೀ ಸಿಗುವ ಪರ್ಸನಲ್ ಲೈಸೆನ್ಸ್ ಮನೆಯಲ್ಲಿ ಕಲಿಯೋಕೆ ಮಾತ್ರ. ಶಾಪ್‌ನ ಜಾಬ್ ಅದರಲ್ಲಿ ಮಾಡುವಂತಿಲ್ಲ. ಅದರ ಪ್ರೋಗ್ರಾಂನಲ್ಲಿ ರ್‍ಯಾಪಿಡ್ ಬರುವುದಿಲ್ಲ, ಖಾಲಿ ಜಾಗದಲ್ಲಿ ಜೋರಾಗಿ ಸರಿಯುವ ಜಿ0 ಇರಬೇಕಾದ ಕಡೆಯೂ ಕಡಿಯುವ ಫೀಡ್‌ನಲ್ಲೇ ಹೋಗುತ್ತದೆ. ಒಂದೇ ಪ್ರೋಗ್ರಾಂನಲ್ಲಿ ಟೂಲ್ ಚೇಂಜ್ ಕೂಡ ಬರುವುದಿಲ್ಲ, ಪ್ರತಿ ಟೂಲ್‌ಗೂ ಬೇರೆ ಫೈಲ್ ತೆಗೆಯಬೇಕು. ಎಡಿಟ್ ಮಾಡುವ ಹಾಗೆ ಒಂದು ಸಲಕ್ಕೆ 10 ಫೈಲ್ ಮಾತ್ರ ಇಟ್ಟುಕೊಳ್ಳಬಹುದು. ಕಲಿಯೋಕೆ ಇದ್ಯಾವುದೂ ಅಡ್ಡಿ ಇಲ್ಲ. ಕೈ ಕುದುರಿದ ಮೇಲೆ ಓನರ್ ಹತ್ತಿರ ಹೇಳಿ ದುಡ್ಡು ಕೊಟ್ಟು ತೆಗೆಸಿ. 8 ಜಿಬಿಯಲ್ಲಿ ಓಡುತ್ತದೆ, ಬ್ರೌಸರ್ ಮುಚ್ಚಿಡಿ.

ಮರದ_ರೂಟರ್

ನಾನು ಬಾಗಿಲು, ಪೂಜೆ ಮನೆ ಜಾಲರಿ ಕೆತ್ತುವವನು, ಮೆಟಲ್ ಅಲ್ಲ. ನಮ್ಮ ಕಡೆ ಎಲ್ಲರೂ ಆರ್ಟ್‌ಕ್ಯಾಮ್‌ನಲ್ಲೇ ಕಲಿತವರು, 2018ರಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ಆಮೇಲೆ ನಾನು ವೆಕ್ಟ್ರಿಕ್‌ನ ವಿಕಾರ್ವ್‌ಗೆ ಬಂದೆ. ಇಷ್ಟು ಸುಲಭದ್ದು ಇನ್ನೊಂದಿಲ್ಲ, ಎರಡು ದಿನದಲ್ಲಿ ಮೊದಲ ಬಾಗಿಲು ಕೆತ್ತಿದೆ. ಆದರೆ ನಿಮ್ಮ ಹಾಗೆ ಸ್ಟೆಪ್ ಫೈಲ್ ಇಟ್ಟುಕೊಂಡು ಪಾರ್ಟ್ ಮಾಡುವವರಿಗೆ ಇದು ಸರಿ ಹೋಗಲ್ಲ. "ಸುಲಭ" ಅಂತ ಯಾರಾದರೂ ಹೇಳಿದರೆ ಅವರು ಮರದವರೋ ಮೆಟಲ್‌ನವರೋ ಅಂತ ಮೊದಲು ಕೇಳಿಕೊಳ್ಳಿ.

ಉದ್ಯಮಬಾಗ್_ಟೂಲ್‌ರೂಮ್

ಬೆಳಗಾವಿಯಿಂದ. ಮೇಲೆ ಫ್ಯೂಷನ್ ಬಗ್ಗೆ ಹೇಳಿದ್ದು ಸರಿ ಇದೆ. ಆದರೆ ನಾನಾಗಿದ್ದರೆ ಮೊದಲು ಪೋಸ್ಟ್ ನೋಡುತ್ತಿದ್ದೆ, ಆಮೇಲೆ ಸಾಫ್ಟ್‌ವೇರ್. ಟೂಲ್‌ಪಾತ್ ಅನ್ನು ನಿಮ್ಮ ಕಂಟ್ರೋಲ್‌ಗೆ ಅರ್ಥ ಆಗುವ ಜಿ ಕೋಡ್ ಮಾಡಿ ಕೊಡುವುದೇ ಪೋಸ್ಟ್ ಪ್ರೊಸೆಸರ್. ಸ್ಕ್ರೀನ್ ಮೇಲೆ ಎಷ್ಟೇ ಚೆನ್ನಾಗಿ ಕಂಡರೂ ಇದು ತಪ್ಪಿದ್ದರೆ ಮಷಿನ್ ಬೇರೆಯದನ್ನೇ ಮಾಡುತ್ತದೆ.

ನನಗೆ ಆಗಿದ್ದು ಕೇಳಿ. ಇಎನ್8 ಸ್ಟೀಲ್ ಪ್ಲೇಟ್, ಮೊದಲ ಕ್ಯಾಮ್ ಜಾಬ್. ಲಿಸ್ಟ್‌ನಲ್ಲಿ ಗಮನಿಸದೆ ಹವ್ಯಾಸಿ ರೂಟರ್‌ಗೆ ಇರುವ ಪೋಸ್ಟ್ ಆರಿಸಿದ್ದೆ, ಅದರಲ್ಲಿ ಟೂಲ್ ಉದ್ದವನ್ನು ಲೆಕ್ಕಕ್ಕೆ ತರುವ ಜಿ43 ಸಾಲೇ ಬರಲಿಲ್ಲ. ನಮ್ಮಲ್ಲಿ ಜಿ54 ಝಡ್ (ಜಾಬ್ ಜೀರೋದ ಎತ್ತರ) ಸ್ಪಿಂಡಲ್ ಮುಖಕ್ಕೆ, ಟೂಲ್ ಉದ್ದ ಆಫ್‌ಸೆಟ್ ಪೇಜ್‌ನಲ್ಲಿ. ಆ ಟೂಲ್ 110 ಎಂಎಂ. ಪ್ರೋಗ್ರಾಂ ಝಡ್15.ಗೆ ಇಳಿಯುತ್ತಿತ್ತು. ಸಿಂಗಲ್ ಬ್ಲಾಕ್, ರ್‍ಯಾಪಿಡ್ 25 ಪರ್ಸೆಂಟ್‌ನಲ್ಲಿ, ಬೆರಳು ಫೀಡ್ ಹೋಲ್ಡ್ ಮೇಲೆ. ಟೂಲ್ ತುದಿಗೂ ಪ್ಲೇಟ್‌ಗೂ ನಡುವೆ ಒಂದು ಅಂಗೈ ಹಿಡಿಸುವುದೂ ಕಷ್ಟ, ಸುಮಾರು 40 ಎಂಎಂ, ಆದರೆ ಸ್ಕ್ರೀನ್ ಮೇಲೆ ಇನ್ನೂ ಹೋಗಬೇಕಾದ ದೂರ 135 ಅಂತ ತೋರಿಸುತ್ತಿತ್ತು. ಒತ್ತಿದೆ. ನಿಂತಿತು. ಆವತ್ತಿನಿಂದ ಯಾವ ಹೊಸ ಪ್ರೋಗ್ರಾಂ ಆದರೂ ಆ ಎರಡು ನಂಬರ್ ಹೋಲಿಸದೆ ಕೆಳಗೆ ಬಿಡುವುದಿಲ್ಲ.

ನೀವು ಕೈಯಲ್ಲಿ ಬರೆದವರು, ಅದೇ ನಿಮ್ಮ ದೊಡ್ಡ ಬಲ. ಪೋಸ್ಟ್ ಕೊಟ್ಟ ಫೈಲ್‌ನ ಮೊದಲ ಇಪ್ಪತ್ತು ಸಾಲು ನೀವು ಬರೆಯುವ ಪ್ರೋಗ್ರಾಂ ಪಕ್ಕ ಇಟ್ಟು ಓದಿ. ಎಂಎಂ ಅಂತ ಹೇಳುವ ಜಿ21 ಇದೆಯಾ, ಜಿ54 ಇದೆಯಾ, ಜಿ43 ಜೊತೆ ಟೂಲ್ ಉದ್ದದ ಎಚ್ ನಂಬರ್ ಟೂಲ್ ನಂಬರ್‌ಗೆ ಸರಿ ಇದೆಯಾ. ದಶಾಂಶದ ಪಾಯಿಂಟ್ ಕೂಡ ನೋಡಿ. ಎಷ್ಟೋ ಫ್ಯಾನುಕ್‌ಗಳಲ್ಲಿ ಎಕ್ಸ್50 ಅಂತ ಪಾಯಿಂಟ್ ಇಲ್ಲದೆ ಬಂದರೆ ಅದು 0.050 ಎಂಎಂ ಅಂತ ಓದುತ್ತದೆ, ನಿಮಗೆ ಗೊತ್ತೇ ಇರುತ್ತದೆ.

ದುಡ್ಡು ಹಾಕೋಕೆ ಆಗದಿದ್ದರೆ ಫ್ರೀಕ್ಯಾಡ್ ನೋಡಿ. ಶಾಪ್ ಕೆಲಸಕ್ಕೂ ಫ್ರೀ. 2024ರ ನವೆಂಬರ್‌ನಲ್ಲಿ 1.0 ಬಂತು, ಮೊದಲು ಪಾತ್ ಅಂತ ಇದ್ದದ್ದು ಈಗ ಕ್ಯಾಮ್ ವರ್ಕ್‌ಬೆಂಚ್. ಫ್ಯೂಷನ್‌ಗಿಂತ ಕಲಿಯೋಕೆ ಜಾಸ್ತಿ ದಿನ ಬೇಕು, ಅದನ್ನು ಮುಚ್ಚಿಡುವುದಿಲ್ಲ. ಮತ್ತೆ ಓನರ್ ಹತ್ತಿರ ಸಾಲಿಡ್‌ವರ್ಕ್ಸ್ ಸಬ್‌ಸ್ಕ್ರಿಪ್ಷನ್ ಇದೆಯಾ ಕೇಳಿ, ಅದರ ಜೊತೆಗೇ 2.5 ಆಕ್ಸಿಸ್ ಕ್ಯಾಮ್ ಬರುತ್ತದೆ. ಎಷ್ಟೋ ಕಡೆ ಅದು ಇರುವುದೇ ಯಾರಿಗೂ ಗೊತ್ತಿರುವುದಿಲ್ಲ.

ಪೀಣ್ಯ_ಮಿಲ್ಲಿಂಗ್

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಸಾಲಿಡ್‌ವರ್ಕ್ಸ್ ಇಲ್ಲ, ಕೇಳಿದೆ. ಫ್ಯೂಷನ್ ಪರ್ಸನಲ್ ಹಾಕಿಕೊಂಡೆ. ಆ ಕವರ್‌ನ ಹಾಗೇ ಒಂದು ಪಾಕೆಟ್ ಮನೆಯಲ್ಲಿ ಅಭ್ಯಾಸಕ್ಕೆ ಬಿಡಿಸಿ, ಅಡಾಪ್ಟಿವ್ ಹಾಕಿ, ಫ್ಯಾನುಕ್ ಪೋಸ್ಟ್‌ನಲ್ಲಿ ತೆಗೆದೆ. ಜಿ43 ಇದೆ, ಪಾಯಿಂಟ್ ಇದೆ. ಆದರೆ ಸಾವಿರಾರು ಸಾಲು ಬಂದಿದೆ! ನಮ್ಮ ಮಷಿನ್ ಮೆಮೊರಿಗೆ ಇಂಥದ್ದು ಹಿಡಿಸುತ್ತಾ? ಸ್ಪೀಡ್ ಫೀಡ್ ಕೂಡ ಅದೇ ಏನೋ ಹಾಕಿಕೊಂಡಿದೆ, ನಂಬಬಹುದಾ?

ಚಿಪ್_ಲೋಡ್

ಸ್ಪೀಡ್ ಫೀಡ್ ನಂಬಬೇಡಿ, ನೀವೇ ಹಾಕಿ. 10 ಎಂಎಂ ಕಾರ್ಬೈಡ್, ಮೂರು ಫ್ಲೂಟ್, 6061 ಅಲ್ಯೂಮಿನಿಯಂ ಆದರೆ 6000 ಆರ್‌ಪಿಎಂ, ಹಲ್ಲಿಗೆ 0.05 ಎಂಎಂ, ಅಂದರೆ ನಿಮಿಷಕ್ಕೆ 900 ಎಂಎಂ ಫೀಡ್‌ನಿಂದ ಶುರು ಮಾಡಿ. ಚಿಪ್ ನೋಡಿಕೊಂಡು ಏರಿಸಿ. ಕೂಲೆಂಟ್ ಸರಿಯಾಗಿ ಮೂಲೆಗೆ ಬೀಳಬೇಕು, ಇಲ್ಲದಿದ್ದರೆ ಅಲ್ಯೂಮಿನಿಯಂ ಹಲ್ಲಿಗೆ ಅಂಟಿಕೊಳ್ಳುತ್ತದೆ.

ಸಾಲು ಜಾಸ್ತಿ ಬಂದಿದ್ದಕ್ಕೆ, ಪಾಸಸ್ ಟ್ಯಾಬ್‌ನಲ್ಲಿ ಸ್ಮೂತಿಂಗ್ ಆನ್ ಮಾಡಿ. ಸಣ್ಣ ಸಣ್ಣ ನೇರ ಗೆರೆಯ ಜಿ1 ಸೇರಿಸಿ ಕಮಾನಿನ ಜಿ2, ಜಿ3 ಮಾಡುತ್ತದೆ, ಫೈಲ್ ಚೆನ್ನಾಗಿ ಇಳಿಯುತ್ತದೆ. ಆಮೇಲೂ ಹಿಡಿಸದಿದ್ದರೆ ಸ್ಕ್ರೀನ್ ಪಕ್ಕದ ಸ್ಲಾಟ್‌ಗೆ ಮೆಮೊರಿ ಕಾರ್ಡ್ ಹಾಕಿ, ಅದರಿಂದಲೇ ನೇರವಾಗಿ ಪ್ರೋಗ್ರಾಂ ಓದಿಸುತ್ತಾ ಡಿಎನ್‌ಸಿ ಓಡಿಸಿ.

ಪೀಣ್ಯ_ಮಿಲ್ಲಿಂಗ್

ಸ್ಮೂತಿಂಗ್ ಹಾಕಿದೆ, ಮೂರರಲ್ಲಿ ಒಂದು ಭಾಗಕ್ಕೆ ಬಂತು. ಸ್ಲಾಟ್ ಇದೆ, ಕಾರ್ಡ್ ಇಲ್ಲ. ನಾಳೆ ಎಸ್‌ಪಿ ರೋಡ್‌ಗೆ ಹೋಗಿ ತರುತ್ತೇನೆ.